ದರ್ಬೆಯಿಂದ ತಂದ ಬಿಳಿ

ಪುತ್ತೂರಿನ ದರ್ಬೆಯ ಮುಖ್ಯರಸ್ತೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಪ್ರಾದೇಶಿಕ ದ್ಯುತಿ ತಂತ್ರಜ್ಞಾನ ಸಂಶೋಧನಾ ಕೇಂದ್ರ ಶುರುವಾದಾಗ ಊರಿನವರಿಗೆ ಅರ್ಥವಾದದ್ದು ಇಷ್ಟೇ: ಇಲ್ಲಿ ಕಣ್ಣು ನೋಡುತ್ತಾರೆ. ಪೊರೆ ಬಂದವರು, ಕನ್ನಡಕದ ಕಾಲು ಮುರಿದವರು, ಕಣ್ಣಿಗೆ ಕಸ ಬಿದ್ದ ಮಗುವನ್ನು ಸೊಂಟಕ್ಕೇರಿಸಿಕೊಂಡವರು ಬೆಳಗ್ಗೆಯೇ ಬಂದು ಮೆಟ್ಟಿಲ ತುಂಬ ಕೂತರು. ಕೇಂದ್ರದ ವಿಜ್ಞಾನಿ ಶಂಕರಿ ಮೇಡಂ ಸಾಕುಸಾಕಾಗಿ, 'ಇಲ್ಲಿ ಕಣ್ಣು ಪರೀಕ್ಷೆ ಮಾಡುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಹಾಕಿಸಿದರು. ಮರುದಿನ ಒಬ್ಬ ಅಜ್ಜ ಬಂದು ಆ ಬೋರ್ಡನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಮತ್ತೆ ಒಂದು ಕಣ್ಣು ಮುಚ್ಚಿಕೊಂಡು ಒಮ್ಮೆ ಓದಿ, "ಎಲ್ಲ ಅಕ್ಷರ ಸರಿ ಕಾಣ್ತದೆ ಮೇಡಂ. ಎಷ್ಟಾಯ್ತು?" ಎಂದು ಕೇಳಿದರಂತೆ.

ಕೇಂದ್ರದ ನಿಜವಾದ ಕೆಲಸ ಬೇರೆ. ಬೆಳಕು, ಮಸೂರ, ಕ್ಯಾಮೆರಾ ಇಟ್ಟುಕೊಂಡು ಏನಾದರೂ ತಯಾರಿಸುವ ಸಣ್ಣ ಕೈಗಾರಿಕೆಯವರಿಗೆ ಸಲಹೆ ಕೊಡುವುದು, ಬೇಕಾದ ಉಪಕರಣ ಎರವಲು ಕೊಡುವುದು, ತಯಾರಾದದ್ದನ್ನು ಪರೀಕ್ಷಿಸಿ ಸರಿಯಿದ್ದರೆ ಸರಿಯಿದೆ ಎಂದು ಬರೆದುಕೊಡುವುದು. ಆದರೆ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕನ್ನೂ ಜಾಲಾಡಿದಾಗ ಅಂಥ ಕೈಗಾರಿಕೆಯವನೆಂದು ಸಿಕ್ಕಿದ್ದು ಒಬ್ಬನೇ, ಐವರ್ನಾಡಿನ ಉದಯ. ಹಾಗಾಗಿ ಒಂದೇ ಮಗುವಿರುವ ಮನೆಯಲ್ಲಿ ಆಗುವಂತೆ, ಇದ್ದ ಅಕ್ಕರೆಯೂ ಇದ್ದ ಬೈಗುಳವೂ ಪೂರ್ತಿಯಾಗಿ ಅವನೊಬ್ಬನಿಗೇ ಸಿಗುತ್ತಿತ್ತು.

ಉದಯ ಕಟ್ಟುತ್ತಿದ್ದುದು ಅಡಿಕೆ ವಿಂಗಡಿಸುವ ಯಂತ್ರ. ಸುಲಿದ ಅಡಿಕೆಯನ್ನು ಬೆಲ್ಟಿನ ಮೇಲೆ ಸುರಿದರೆ ಅದು ಸಾಲಾಗಿ ಒಂದು ಕಪ್ಪು ಗೂಡಿನೊಳಗೆ ಹೋಗುತ್ತದೆ. ಗೂಡಿನ ಮಾಡಿನಲ್ಲಿ ಕ್ಯಾಮೆರಾ. ಅದು ಅಡಿಕೆಯ ಬಣ್ಣ ನೋಡುತ್ತದೆ, ಪುಸಕ್ಕೆಂದು ಗಾಳಿ ಊದುತ್ತದೆ, ಆಯಾ ಜಾತಿಯದ್ದನ್ನು ಆಯಾ ಡಬ್ಬಿಗೆ ತಳ್ಳುತ್ತದೆ. ಅಡಿಕೆಯ ಲೆಕ್ಕ ಮನುಷ್ಯರ ಲೆಕ್ಕಕ್ಕೆ ತಿರುಗುಮುರುಗು. ಆ ವರ್ಷದ್ದೇ ಆದರೆ ಹೊಸತು, ಅದಕ್ಕೆ ಮರ್ಯಾದೆ ಕಡಿಮೆ. ಒಂದು ವರ್ಷ ಅಟ್ಟದಲ್ಲಿ ಕೂತರೆ ಸಿಂಗಲ್ ಚೋಲು, ಎರಡು ವರ್ಷ ಕೂತರೆ ಡಬಲ್ ಚೋಲು. ಕೂತಷ್ಟೂ ಬಿಳುಪು ಹೋಗಿ ಹಳದಿಗೆ ತಿರುಗುತ್ತದೆ, ಹಳದಿಗೆ ತಿರುಗಿದಷ್ಟೂ ಬೆಲೆ ಏರುತ್ತದೆ. "ಎಂತ ಕೆಲಸವೂ ಮಾಡದೆ ಕೂತಲ್ಲೇ ಕೂತು ಬೆಲೆ ಏರಿಸಿಕೊಳ್ಳುದು ಅಡಿಕೆ ಒಂದೇ" ಎಂದು ಉದಯನ ಅಪ್ಪ ಬೆಳ್ಯಪ್ಪ ಗೌಡರು ಹೇಳುತ್ತಿದ್ದರು. ಹೇಳುವಾಗ ಮಗನ ಮುಖವನ್ನೇ ನೋಡುತ್ತಿದ್ದರು.

ತಕರಾರು ಇದ್ದದ್ದು ಜಾಗದ್ದು. ಯಂತ್ರ ನಿಂತಿದ್ದ ಶೆಡ್ಡು ಬೆಳ್ಯಪ್ಪ ಗೌಡರಿಗೆ ರಬ್ಬರು ಶೀಟು ತಯಾರಿಸಲು ಬೇಕಿತ್ತು. ಅವರು ಸುಳ್ಯದಿಂದ ಶೀಟಿನ ರೋಲರ್ ತಂದು, ಟಾರ್ಪಾಲು ಹೊದೆಸಿ, ಶೆಡ್ಡಿನ ಬಾಗಿಲಿಗೇ ಒತ್ತಿ ನಿಲ್ಲಿಸಿಬಿಟ್ಟಿದ್ದರು, ಬಸ್ಸಿನ ಕಿಟಕಿಯಿಂದ ಕೈ ತೂರಿಸಿ ಸೀಟಿಗೆ ಹೆಗಲ ಬೈರಾಸು ಹಾಕಿದ ಹಾಗೆ. ಉದಯ ದಿನಾ ಅದನ್ನು ಸುತ್ತಿಕೊಂಡು, ಮೊಣಕಾಲು ತಾಗಿಸಿಕೊಂಡು ಒಳಗೆ ನುಸುಳಬೇಕಿತ್ತು. ಕಡೆಗೆ ಒಂದು ಮಾತು ಇತ್ಯರ್ಥವಾಯಿತು. ಬೆಳ್ಯಪ್ಪ ಗೌಡರು ಸಹಕಾರಿ ಸಂಘದ ನಿರ್ದೇಶಕರು. ಮನೆಯ ಮಾತನ್ನೂ ಠರಾವಿನ ಹಾಗೆ ಹೇಳುವುದು ಅವರಿಗೆ ರೂಢಿ.

"ದರ್ಬೆಯವರು ಇಲ್ಲಿಗೆ ಬಂದು, ನಾಲ್ಕು ಜನರ ಎದುರು ನೋಡಿ, ಮೆಷಿನ್ ಸರಿ ಉಂಟು ಅಂತ ಬರೆದುಕೊಟ್ರೆ ಶೆಡ್ಡು ನಿನ್ನದು. ಇಲ್ಲದಿದ್ರೆ ಮರುದಿನವೇ ರೋಲರ್ ಒಳಗೆ, ನೀನು ಹೊರಗೆ."

"ಮೆಷಿನ್ ಹೊರಗೆ ಅಂತ ಹೇಳಿ ಅಪ್ಪ."

"ಇಬ್ಬರೂ ಒಂದೇ ಅಲ್ವಾ ಮಾರಾಯ. ನಾನು ಬೇರೆ ಬೇರೆ ಕಂಡದ್ದು ಯಾವಾಗ?"

ಪರೀಕ್ಷೆಯ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಉದಯ ದರ್ಬೆಗೆ ಹೋಗಿ ಬಿಳಿ ಬಿಲ್ಲೆ ತಂದ. ಅಂಗೈಯಗಲದ, ಸೀಮೆಸುಣ್ಣದ ಹಾಗೆ ಹೊಳಪಿಲ್ಲದ ಒಂದು ಬಿಲ್ಲೆ, ಕೇಂದ್ರದ ಆಸ್ತಿ. ಶಂಕರಿ ಮೇಡಂ ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಕೊಡುವಾಗ ಅವನ ಕೈಗೆ ಕೊಟ್ಟರೂ ತಮ್ಮ ಕೈ ಬಿಡಲಿಲ್ಲ.

"ಕ್ಯಾಮೆರಾಕ್ಕೆ ಬಣ್ಣ ಅಂದ್ರೆ ಎಂತದು ಅಂತ ಗೊತ್ತಿಲ್ಲ ಉದಯ. ಇದನ್ನು ತೋರಿಸಿ 'ಇದು ಬಿಳಿ' ಅಂತ ನಾವು ಹೇಳ್ಬೇಕು. ಅದು ಪಾಪ, ನಂಬ್ತದೆ. ಮತ್ತೆ ಲೋಕದಲ್ಲಿ ಇದ್ದದ್ದನ್ನೆಲ್ಲ ಇದರಿಂದಲೇ ಅಳೀತದೆ. ಇದು ತಪ್ಪಿದ್ರೆ ಎಲ್ಲ ತಪ್ಪಿತು. ಕೈ ತಾಗಿಸ್ಬೇಡಿ. ಎಣ್ಣೆ ಹತ್ತಿರ ತರ್ಬೇಡಿ. ಇದರ ಮೈ ತಾಗಿದ್ದನ್ನೆಲ್ಲ ಕುಡೀತದೆ."

"ಆಯ್ತು ಮೇಡಂ."

"ನನ್ನ ಮಗಳನ್ನು ನೆಂಟರ ಮನೆಯಲ್ಲಿ ಬಿಟ್ಟು ಬರುವಾಗಲೂ ನಾನು ಇಷ್ಟು ಹೇಳುದಿಲ್ಲ" ಎಂದು ಮೇಡಂ ಕೊನೆಗೆ ಕೈ ಬಿಟ್ಟರು.

ಮನೆಯಲ್ಲಿ ಅವ್ವ ತಿಮ್ಮಕ್ಕ ಡಬ್ಬಿಯೊಳಗೆ ಇಣುಕಿ ನೋಡಿದಳು. ಬಿಳಿಯ ವಿಷಯದಲ್ಲಿ ತಿಮ್ಮಕ್ಕನ ಮಾತಿಗೆ ಐವರ್ನಾಡಿನಲ್ಲಿ ಎದುರಿಲ್ಲ. ಬೆಳ್ಯಪ್ಪ ಗೌಡರು ಸಂಘದ ಸಭೆಗೆ ಉಟ್ಟುಕೊಂಡು ಹೋಗುವ ಪಂಚೆ ಅವಳ ಕೈಯದ್ದು. ಸಂಘದ ವಾರ್ಷಿಕ ಫೋಟೋದಲ್ಲಿ ಮುಖ ಯಾರದ್ದೆಂದು ಗೊತ್ತಾಗದಿದ್ದರೂ ಪಂಚೆ ಯಾರದ್ದೆಂದು ಗೊತ್ತಾಗುತ್ತಿತ್ತು.

"ಇದಾ ಬಿಳಿ?" ಎಂದಳು ತಿಮ್ಮಕ್ಕ. "ಸರ್ಕಾರದವರದ್ದು ಇಷ್ಟೇಯಾ?"

"ಲೋಕದಲ್ಲಿ ಇದಕ್ಕಿಂತ ಬಿಳಿ ಇಲ್ಲ ಅವ್ವ."

"ನಿನ್ನ ಅಪ್ಪನ ಪಂಚೆಯ ಹತ್ತಿರ ಹಿಡಿ. ಆಮೇಲೆ ಲೋಕದ ಸುದ್ದಿ ಮಾತಾಡು."

ಉದಯ ನಕ್ಕು ಡಬ್ಬಿಯನ್ನು ಕಪಾಟಿನ ಮೇಲಿಟ್ಟ. ಬರುವವರಿಗೆ ಕೂರಲು ಸಂಘದಿಂದ ಕುರ್ಚಿ ತರುವುದಿತ್ತು, ಹೊರಟು ಹೋದ.

ಪರೀಕ್ಷೆಯ ಬೆಳಗ್ಗೆ 'ನಾಲ್ಕು ಜನ' ಎಂದದ್ದಕ್ಕೆ ಅಂಗಳ ತುಂಬ ಜನ. ಸಂಘದ ನಿರ್ದೇಶಕರು ಬಂದಿದ್ದರು. ನೆರೆಮನೆಯ ಕುಕ್ಕಪ್ಪ ಗೌಡರು ತಮ್ಮದೂ ಒಂದು ಚೀಲ ಅಡಿಕೆ ಹೊರಿಸಿಕೊಂಡು ಬಂದಿದ್ದರು. ಸುಳ್ಯದ ಅಡಿಕೆ ವ್ಯಾಪಾರಿ ಹಕೀಮ್ ಪಿಕಪ್ಪಿನಲ್ಲಿ ಬಂದು, ಬೆಲ್ಲ ಕಚ್ಚಿ ನೀರು ಕುಡಿದು, ಮೂಲೆಯ ಕುರ್ಚಿ ಹಿಡಿದು ಕೂತಿದ್ದರು. ಶಂಕರಿ ಮೇಡಂ ಬಿಳಿ ಚೂಡಿದಾರದಲ್ಲಿ, ಕೈಯಲ್ಲಿ ಫೈಲು ಹಿಡಿದು ಬಂದರು. ಉದಯ ಡಬ್ಬಿ ತೆರೆದು, ಬಿಲ್ಲೆಯ ಅಂಚನ್ನಷ್ಟೇ ಹಿಡಿದು ಕ್ಯಾಮೆರಾಕ್ಕೆ ತೋರಿಸಿದ, ಗುಂಡಿ ಒತ್ತಿದ. ಯಂತ್ರ ಪಾಪ, ನಂಬಿತು.

ಮೊದಲು ಬೆಳ್ಯಪ್ಪ ಗೌಡರ ಅಡಿಕೆ. ಈ ವರ್ಷದ್ದೇ, ಅಂಗಳದಿಂದ ಎತ್ತಿ ಇನ್ನೂ ಬಿಸಿಲು ಆರಿರಲಿಲ್ಲ. ಬೆಲ್ಟು ಓಡಿತು, ಗಾಳಿ ಪುಸಕ್ ಪುಸಕ್ಕೆಂದಿತು, ಅಡಿಕೆ ಹೋಗಿ ಒಂದೇ ಸಮನೆ ಡಬಲ್ ಚೋಲಿನ ಡಬ್ಬಿಗೆ ಬಿದ್ದವು. ಹೊಸತರ ಡಬ್ಬಿಯ ತಳದಲ್ಲಿ ಒಂದು ಇರುವೆ ಓಡಾಡುತ್ತಿತ್ತು.

ಬೆಳ್ಯಪ್ಪ ಗೌಡರು ಡಬ್ಬಿಯೊಳಗೆ ಬಗ್ಗಿ ನೋಡಿದರು. ನೆಟ್ಟಗಾದರು. ಮಗನನ್ನು ನೋಡಿದರು. ಹುಟ್ಟಿದ ಮೇಲೆ ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಕ್ಯಾಮೆರಾ ಎಲ್ಲಿಯದ್ದು ಹೇಳಿದಿ?"

"ಹೊರದೇಶದ್ದು ಅಪ್ಪ, ಆದ್ರೆ..."

"ಹಾಗೆ ಹೇಳು. ನಮ್ಮ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣ್ತದೆ. ನಾನು ಮೊದಲೇ ಹೇಳ್ತಿದ್ದೆ, ನಮ್ಮ ಅಡಿಕೆಯಲ್ಲಿ ಹುಟ್ಟುವಾಗಲೇ ಒಂದು ಹಳತನ ಉಂಟು ಅಂತ."

ಕುಕ್ಕಪ್ಪ ಗೌಡರು ಅವಸರದಲ್ಲಿ ತಮ್ಮ ಚೀಲ ಬಿಚ್ಚಿದರು. ಅದೂ ಡಬಲ್ ಚೋಲು. ಅವರು ಕೈಮುಗಿದರು, ಯಂತ್ರಕ್ಕೆ. ನಿರ್ದೇಶಕರೊಬ್ಬರು ಮಗನಿಗೆ ಫೋನು ಮಾಡಿ ಅಟ್ಟದಿಂದ ಒಂದು ಗೋಣಿ ಇಳಿಸಲು ಹೇಳಿದರು; ಇನ್ನೊಬ್ಬರು, ಸಂಘಕ್ಕೆ ಎರಡು ಮೆಷಿನು ಬೇಕಾದೀತು, ಒಂದು ಹಾಳಾದರೆ ಇನ್ನೊಂದು ಎಂದರು. ಹಕೀಮ್ ಮಾತ್ರ ಗಡ್ಡ ಸವರಿಕೊಂಡು, "ಒಳ್ಳೆ ಮೆಷಿನ್ ಉದಯ. ಕುರಿಮರಿ ಹಾಕಿದ್ರೆ ಅಜ್ಜ ಕುರಿ ಆಗಿ ಬರ್ತದಾ?" ಎಂದು ಮೆಲ್ಲ ಕೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ರೋಲರನ್ನು ಇಲ್ಲಿಂದ ತೆಗೀಲಿಕ್ಕೆ ಜನ ಕರೀಬೇಕು" ಎಂದರು ಬೆಳ್ಯಪ್ಪ ಗೌಡರು, ಅದನ್ನು ಬೇರೆ ಯಾರೋ ತಂದಿಟ್ಟಿದ್ದಾರೆ ಎಂಬಂತೆ. "ಮೇಡಂ, ಬರೆಯುದು ಬರೆದುಬಿಡಿ. ಊಟಕ್ಕೆ ಕೋಳಿ ಉಂಟು, ನಿಮಗೆ ಬೇರೆ ಮಾಡಿದ್ದೇವೆ."

ಶಂಕರಿ ಮೇಡಂ ಬ್ಯಾಗಿನಲ್ಲಿ ಪೆನ್ನು ಹುಡುಕತೊಡಗಿದರು.

ಉದಯನಿಗೆ ಶೆಡ್ಡು ಸಿಕ್ಕಿಯಾಗಿತ್ತು. ಆದರೂ ಅವನು ಮತ್ತೆ ಮತ್ತೆ ಹೊಸತರ ಖಾಲಿ ಡಬ್ಬಿಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಗೂಡಿನೊಳಗೆ ಒಂದು ಅಡಿಕೆ ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸಲು ಗೂಡಿನ ಮಾಡನ್ನೇ ಎತ್ತಿದಾಗ ಅದರಲ್ಲಿದ್ದ ಕ್ಯಾಮೆರಾ ಹೊರಕ್ಕೆ ತಿರುಗಿ, ಅದು ಕಂಡದ್ದನ್ನು ತೋರಿಸುವ ಗೋಡೆಯ ಪರದೆಯ ಮೇಲೆ ಜನರೇ ಕಾಣಿಸಿಕೊಂಡರು. ಎಲ್ಲರೂ ಕೂದಲು ಸರಿಮಾಡಿಕೊಂಡರು.

"ಓ ಅಲ್ಲಿ ನೋಡಿ ಗೌಡ್ರ ಪಂಚೆ" ಎಂದರು ಕುಕ್ಕಪ್ಪ ಗೌಡರು.

ನಿಜಕ್ಕೂ ನೋಡುವ ಹಾಗೇ ಇತ್ತು. ಹಿಂದಿನ ವಾರ ಸುಣ್ಣ ಬಳಿದ ಗೋಡೆ ಪರದೆಯಲ್ಲಿ ಅರಸಿನ ನೀರು ಎರಚಿದ ಹಾಗಿತ್ತು. ಮೇಡಮ್ಮನ ಬಿಳಿ ಚೂಡಿದಾರ ಮಾಸಲು ಹಳದಿ. ಹಕೀಮರ ಬಿಳಿ ಟೊಪ್ಪಿ ಹಳದಿ. ಕುಕ್ಕಪ್ಪ ಗೌಡರ ಹಲ್ಲಿನ ಸುದ್ದಿ ಬೇಡ. ಆ ಹಳದಿ ಲೋಕದ ನಡುವೆ ಒಂದೇ ಒಂದು ವಸ್ತು ಹಾಲಿನಷ್ಟು ಬೆಳ್ಳಗೆ ನಿಂತಿತ್ತು. ಅದು ಅಪ್ಪನ ಪಂಚೆ. ಬೆಳ್ಯಪ್ಪ ಗೌಡರು ಎಲ್ಲರಿಗೂ ಕಾಣಲೆಂದು ಸ್ವಲ್ಪ ಎಡಕ್ಕೆ, ಮತ್ತೆ ಸ್ವಲ್ಪ ಬಲಕ್ಕೆ ತಿರುಗಿದರು.

ಉದಯ ಪರದೆಯ ಪಂಚೆಯಿಂದ ಬಿಲ್ಲೆಯ ಡಬ್ಬಿಯ ಕಡೆ ತಿರುಗಿದ. ಯಂತ್ರಕ್ಕೆ ಅಪ್ಪನ ಪಂಚೆ ಮಾತ್ರ ಬಿಳಿಯಾಗಿ ಕಾಣಬೇಕಾದರೆ, ಅದಕ್ಕೆ ತೋರಿಸಿದ ಬಿಳಿಯೂ ಪಂಚೆಯ ಜಾತಿಯದ್ದೇ ಆಗಿರಬೇಕು. ಅವನು ಅಡುಗೆಮನೆಯ ಬಾಗಿಲಿಗೆ ಹೋದ.

"ಅವ್ವ, ಆ ಬಿಲ್ಲೆಯನ್ನು ಎಂತ ಮಾಡಿದಿ?"

"ಎಂತ ಮಾಡುದು? ತೊಳೆದೆ" ಎಂದಳು ತಿಮ್ಮಕ್ಕ, ಸೌಟು ಕೆಳಗಿಡದೆ. "ಇನ್ನೊಂದು ಮನೆಯಿಂದ ತಂದ ಪಾತ್ರೆಯನ್ನು ತೊಳೆಯದೆ ವಾಪಸು ಕೊಡ್ತಾರಾ ಯಾರಾದ್ರೂ? ನಾಳೆ ಆ ಮೇಡಂ ದರ್ಬೆಯಲ್ಲಿ ಎಂತ ಹೇಳಿಯಾರು ನಮ್ಮನ್ನು?"

"ಬರೀ ನೀರಲ್ಲಾ?"

"ಬರೀ ನೀರಲ್ಲಿ ಅದು ಬಿಳಿ ಆಗ್ತದಾ? ಸೋಪು ಹಾಕಿ ತಿಕ್ಕಿದೆ. ಆದ್ರೂ ಸಪ್ಪೆ ಕಂಡಿತು. ಪಂಚೆ ಅದ್ದಿ ತೆಗೆದ ನೀಲಿಯಲ್ಲೇ ಅದ್ದಿ ಇಟ್ಟೆ, ರಾತ್ರಿ ಇಡೀ. ಬೆಳಗ್ಗೆ ಒರೆಸಿ ಡಬ್ಬಿಗೆ ಹಾಕಿದೆ. ಈಗ ನೋಡು, ಕಣ್ಣಿಗೆ ಹೊಡೆಯುದಿಲ್ವಾ?"

ಬಟ್ಟೆಗೆ ಹಾಕುವ ನೀಲಿಯ ಗುಟ್ಟೇ ಅದು. ಹಳದಿಯನ್ನು ಮುಚ್ಚಿ ಮನುಷ್ಯರ ಕಣ್ಣನ್ನು ಸುಲಭದಲ್ಲಿ ಮೋಸಮಾಡುತ್ತದೆ. ಆ ನೀಲಿಯನ್ನೇ ಬಿಳಿಯೆಂದು ನಂಬಿದ ಯಂತ್ರಕ್ಕೆ ನಿಜವಾದ ಬಿಳಿಯೆಲ್ಲ ಹಳದಿಯಾಗಿತ್ತು, ಹೊಸ ಅಡಿಕೆಯೆಲ್ಲ ಹಳತಾಗಿತ್ತು.

ಉದಯ ಅಂಗಳದಲ್ಲಿ ಒಂದು ಗಳಿಗೆ ನಿಂತ. ಶೆಡ್ಡಿನೊಳಗೆ ಅಪ್ಪ ನಗುತ್ತಿದ್ದರು. ಆ ನಗು ಅವನು ಕೇಳಿ ಎಷ್ಟು ಕಾಲವಾಗಿತ್ತೋ. ಸುಮ್ಮನಿದ್ದರೆ ಮೇಡಂ ಬರೆಯುತ್ತಾರೆ, ರೋಲರ್ ಹೋಗುತ್ತದೆ, ನಾಳೆ ಗುಟ್ಟಾಗಿ ಸರಿಮಾಡಿಕೊಂಡರೆ ಮುಗಿಯಿತು. ಆದರೆ ಮೇಡಮ್ಮನ ಹೆಸರು ಕೆಳಗಿರುತ್ತದೆ. ಸಂಘದವರು ಇದೇ ಯಂತ್ರ ನಂಬಿ ಹೊಸ ಅಡಿಕೆಯನ್ನು ಡಬಲ್ ಚೋಲೆಂದು ಪೇಟೆಗೆ ಒಯ್ದರೆ, ಪೇಟೆಯವರು ಕೈಬಿಡುವುದು ಯಂತ್ರವನ್ನಲ್ಲ, ಐವರ್ನಾಡಿನವರನ್ನೇ.

ಅವನು ಒಳಗೆ ಹೋಗಿ ಹೇಳಿದ. "ಮೇಡಂ, ಬರೀಬೇಡಿ. ಮೆಷಿನ್ ಹೇಳಿದ್ದು ತಪ್ಪು. ಬಿಲ್ಲೆಗೆ ನೀಲಿ ಹಿಡಿದಿದೆ."

ಶಂಕರಿ ಮೇಡಂ ಬ್ಯಾಗಿನಿಂದ ಕೈ ತೆಗೆದರು. ಕೈಯಲ್ಲಿ ಪೆನ್ನು ಇತ್ತು. ಎಷ್ಟೋ ಹೊತ್ತಿನಿಂದ ಇದ್ದ ಹಾಗಿತ್ತು.

"ನೀವಾಗಿ ಹೇಳ್ತೀರಾ ನೋಡುವಾ ಅಂತ ಹುಡುಕ್ತಾ ಇದ್ದೆ" ಎಂದರು. "ಇನ್ನು ಸ್ವಲ್ಪ ತಡ ಮಾಡಿದ್ರೆ ಬ್ಯಾಗು ಹರೀತಿತ್ತು."

"ಎಂತ ತಪ್ಪು?" ಎಂದರು ಬೆಳ್ಯಪ್ಪ ಗೌಡರು. "ಇಷ್ಟು ಹೊತ್ತು ಸರಿಯೇ ಇತ್ತಲ್ಲ. ಸರಿ ಇದ್ದದ್ದನ್ನು ಕೆಣಕುವ ಬುದ್ಧಿ ನಿನಗೆ ಎಲ್ಲಿಂದ ಬಂತು?"

ಬಿಲ್ಲೆ ಕೆಟ್ಟೇ ಹೋಯಿತೆಂದು ಉದಯ ತಿಳಿದಿದ್ದ. ಆದರೆ ಆ ಬಿಲ್ಲೆ ಒಳಗಿನವರೆಗೂ ಒಂದೇ ವಸ್ತು, ಮೇಲಿನ ಪದರ ಉಜ್ಜಿ ತೆಗೆದರೆ ಒಳಗೆ ಮತ್ತೆ ಅದೇ ಬಿಳಿ ಎಂದು ಮೇಡಂ ಹೇಳಿದರು. ನಯವಾದ ಸ್ಯಾಂಡ್ ಪೇಪರ್ ಹಿಡಿದು, ಹರಿಯುವ ನೀರಿನಡಿ, ಸಮನಾಗಿ ಉಜ್ಜಬೇಕು. ಉದಯ ಸ್ಯಾಂಡ್ ಪೇಪರ್ ಹುಡುಕಿ ತಂದ. ತಿಮ್ಮಕ್ಕ ಬಿಲ್ಲೆಯನ್ನು ಕಿತ್ತುಕೊಂಡಳು.

"ಕೊಡು ಇಲ್ಲಿ. ಅದ್ದಿದ್ದು ನಾನು, ಉಜ್ಜುದು ನೀನಾ?" ನಳ್ಳಿಯ ಕೆಳಗೆ ಕೂತು ಉಜ್ಜುತ್ತಾ ಅವಳು ಮೇಡಮ್ಮನಿಗೆ ಹೇಳಿದಳು, "ನೀವು ಮೊದಲೇ ಹೇಳಿ ಕಳಿಸ್ಬೇಕಿತ್ತು ಮಗಾ, ಸೋಪು ಆಗುದಿಲ್ಲ ಅಂತ."

"ಹೌದು ಅಮ್ಮ. ಎಣ್ಣೆ ಹೇಳಿದೆ, ಸೋಪು ಮರೆತೆ" ಎಂದು ಮೇಡಂ ಸೋತು ಒಪ್ಪಿಕೊಂಡರು. ಅಂಥ ಬಿಲ್ಲೆಯನ್ನು ನೀಲಿಯಲ್ಲಿ ಅದ್ದಬಾರದೆಂದು ಅದನ್ನು ತಯಾರಿಸಿದವರೂ ಎಲ್ಲಿಯೂ ಹೇಳಿರಲಿಲ್ಲ.

ಒರೆಸಿ, ಒಣಗಿಸಿ, ಮತ್ತೆ ಕ್ಯಾಮೆರಾಕ್ಕೆ ತೋರಿಸಿ ಬೆಲ್ಟು ಬಿಟ್ಟರು. ಬೆಳ್ಯಪ್ಪ ಗೌಡರ ಡಬಲ್ ಚೋಲು ಪುಸಕ್ ಪುಸಕ್ಕೆಂದು ಹೊಸತರ ಡಬ್ಬಿಗೆ ಬಿತ್ತು. ಕುಕ್ಕಪ್ಪ ಗೌಡರದ್ದೂ ಹೊಸತು, ಅದರಲ್ಲಿ ಅರ್ಧ ಒಡಕು. ಮಗನಿಗೆ ಫೋನು ಮಾಡಿದ್ದ ನಿರ್ದೇಶಕರು ತಮ್ಮ ಗೋಣಿ ದಾರಿಯಲ್ಲಿದೆ ಎಂಬುದನ್ನು ನೆನಪಿಸಿಕೊಂಡು, ತಿರುಗಿ ಕಳಿಸಲು ಫೋನು ಹಿಡಿದು ಹೊರಗೆ ಹೋದರು.

"ಆಗ ಇದಕ್ಕೆ ಬುದ್ಧಿ ಇತ್ತು" ಎಂದರು ಕುಕ್ಕಪ್ಪ ಗೌಡರು. "ಉಜ್ಜಿ ಉಜ್ಜಿ ಹೋಯ್ತು."

ಬೆಳ್ಯಪ್ಪ ಗೌಡರಿಗೆ ಇನ್ನೂ ಒಂದು ಆಸರೆ ಉಳಿದಿತ್ತು. "ಅಡಿಕೆ ಹೋಗಲಿ. ಅದನ್ನು ಮತ್ತೆ ಈ ಕಡೆ ತಿರುಗಿಸು" ಎಂದು ಪರದೆಯ ಎದುರು ಹೋಗಿ ನಿಂತರು.

"ಬೇಡ ಅಪ್ಪ."

"ತಿರುಗಿಸು ಹೇಳಿದೆ."

ಉದಯ ತಿರುಗಿಸಿದ. ಗೋಡೆ ಸುಣ್ಣದಷ್ಟೇ ಬೆಳ್ಳಗಾಗಿತ್ತು. ಮೇಡಮ್ಮನ ಚೂಡಿದಾರ, ಹಕೀಮರ ಟೊಪ್ಪಿ ಎರಡೂ ಬೆಳ್ಳಗೆ. ಬೆಳ್ಯಪ್ಪ ಗೌಡರು ಸೊಂಟದಿಂದ ಕೆಳಗೆ ಆಕಾಶದ ಬಣ್ಣದಲ್ಲಿ ನಿಂತಿದ್ದರು.

ಮೊದಲು ಕೆಮ್ಮಿದ್ದು ಹಕೀಮ್. ಅದು ಕೆಮ್ಮಲ್ಲವೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ತನ್ನ ಕೈಕೆಲಸವಾದರೂ ನಗದಿರಲು ಆಗಲಿಲ್ಲ.

"ನಿಲ್ಲಿಸು ಅದನ್ನು" ಎಂದರು ಬೆಳ್ಯಪ್ಪ ಗೌಡರು. ಕ್ಯಾಮೆರಾ ಅವರಿಂದ ಬೇರೆ ಕಡೆ ತಿರುಗಿದ ಮೇಲೆ ಸ್ವರ ಗಟ್ಟಿಮಾಡಿಕೊಂಡರು. "ಮೇಡಂ, ನೀವು ಎಂತ ಬೇಕಾದ್ರೂ ಬರೀರಿ. ನಾನು ಮಾತು ಕೊಟ್ಟದ್ದು ಆಗಿನ ಮೆಷಿನಿಗೆ. ಇದು ಬೇರೆ. ರೋಲರ್ ನಾಳೆ ಒಳಗೆ ಬರ್ತದೆ."

ಶಂಕರಿ ಮೇಡಂ ತಲೆಯೆತ್ತದೆ ಬರೆಯುತ್ತಲೇ ಇದ್ದರು. ಬರೆದು, ರುಜು ಹಾಕಿ, ಹಾಳೆಯನ್ನು ಉದಯನ ಕೈಗೆ ಕೊಟ್ಟರು. ಯಂತ್ರ ಸರಿಯಿದೆ ಎಂದಿತ್ತು. ಅವನು ಅದನ್ನು ಹಿಡಿದುಕೊಂಡು, ಹೊರಗೆ ಟಾರ್ಪಾಲು ಹೊದ್ದು ನಿಂತ ರೋಲರನ್ನು ನೋಡಿದ. ನಾಳೆ ಯಂತ್ರವನ್ನು ಎಲ್ಲಿಗೆ ಒಯ್ಯುವುದೆಂದು ಅವನಿಗೆ ಹೊಳೆಯಲಿಲ್ಲ.

ಆಗ ಹಕೀಮ್ ಎದ್ದು ಪಿಕಪ್ಪಿಗೆ ಹೋಗಿ ಒಂದು ಸಣ್ಣ ಚೀಲ ತಂದರು.

"ಇದನ್ನೊಮ್ಮೆ ಹಾಕು ಉದಯ. ಕಡಬದಲ್ಲಿ ಒಬ್ಬರಿಂದ ತೆಗೊಂಡದ್ದು. ಡಬಲ್ ಚೋಲು."

ಅಡಿಕೆ ಬೆಲ್ಟಿನ ಮೇಲೆ ಸಾಲಾಗಿ ಹೋದವು. ನಾಲ್ಕಾರು ಡಬಲ್ ಚೋಲಿಗೆ ಬಿದ್ದವು. ಉಳಿದದ್ದು ಒಂದರ ಹಿಂದೊಂದು ಹೊಸತರ ಡಬ್ಬಿಗೆ. ಹಕೀಮ್ ಒಂದೆರಡನ್ನು ಎತ್ತಿ ಬೆಳಕಿಗೆ ಹಿಡಿದರು, ಹಲ್ಲಿನಲ್ಲಿ ಕಚ್ಚಿದರು, ಮತ್ತೆ ಹಾಕಿಸಿದರು. ಮತ್ತೆ ಹಾಗೆಯೇ ಬಿತ್ತು.

"ಮೆಷಿನ್ ತಪ್ಪು ಹೇಳ್ತದಾ?"

"ಇಲ್ಲ ಹಕೀಮ್ ಕಾಕ. ಈಗ ಇಲ್ಲ."

"ನಾನು ಕಣ್ಣಿಂದ ನೋಡಿಯೇ ತೆಗೊಂಡದ್ದು ಮಾರಾಯ. ಅವರ ಮನೆಯಲ್ಲಿ ಚಾ ಕುಡಿದು, ಪೋಡಿ ತಿಂದು." ಹಕೀಮ್ ಚೀಲದ ಬಾಯಿ ಕಟ್ಟಿದರು. "ಈ ಮೆಷಿನ್ ಬಿಚ್ಚಿದ್ರೆ ಪಿಕಪ್ಪಿಗೆ ಹಿಡೀತದಾ?"

"ಎಲ್ಲಿಗೆ?"

"ಕಡಬಕ್ಕೆ. ನಾನು ಹೇಳಿದ್ರೆ ಅವರು ಒಪ್ಪುದಿಲ್ಲ. ಇದು ಹೇಳಲಿ. ಆಮೇಲೆ ನನ್ನ ಗೋದಾಮಿನಲ್ಲೇ ನಿಲ್ಲಲಿ."

ಬೆಳ್ಯಪ್ಪ ಗೌಡರ ಮುಖ ಅರಳಿತು. "ಕೊಂಡೋಗು ಹಕೀಮ್. ಇವತ್ತೇ ಕೊಂಡೋಗು. ಹೊರಲಿಕ್ಕೆ ಜನ ನಾನು ಕೊಡ್ತೇನೆ. ಶೆಡ್ಡು ಖಾಲಿ ಆಯ್ತು."

"ಖಾಲಿ ಆಗುದು ಹೇಗೆ ಗೌಡ್ರೆ?" ಎಂದರು ಹಕೀಮ್. "ನನಗೆ ಒಂದು ಸಾಕಾಗುದಿಲ್ಲ. ಸುಳ್ಯದಲ್ಲಿ ನನ್ನ ಹಾಗೆ ಕಣ್ಣು ನಂಬಿ ತೆಗೊಳ್ಳುವವರು ಎಷ್ಟು ಜನ ಇದ್ದಾರೆ. ಇದು ಕಡಬಕ್ಕೆ ಹೋಗಿ ಬಂದ ಸುದ್ದಿ ತಿಳಿದ್ರೆ ಎಲ್ಲರೂ ಇವನ ಹತ್ತಿರ ಬರ್ತಾರೆ. ಇವನು ಎಲ್ಲಿ ಕೂತು ಮಾಡುದು, ನಿಮ್ಮ ರೋಲರ್ ಮೇಲಾ? ಮತ್ತೆ, ನೀವು ಸಂಘದ ನಿರ್ದೇಶಕರು. ಸೆಂಟರಿನವರು ಬರೆದುಕೊಟ್ರೆ ಶೆಡ್ಡು ಅಂತ ಹೇಳಿದ್ದು ನಾಲ್ಕು ಜನರಿಗೆ ಗೊತ್ತುಂಟು. ಪಂಚೆಯದ್ದೊಂದು ಆಯ್ತು, ಇನ್ನು ಮಾತಿನದ್ದೂ ಬಣ್ಣ ನೋಡುದು ಬೇಡ."

ಬೆಳ್ಯಪ್ಪ ಗೌಡರು ನಿರ್ದೇಶಕರ ಕಡೆ ನೋಡಿದರು. ನಿರ್ದೇಶಕರು ಮಾಡಿನ ಹಂಚು ನೋಡುತ್ತಿದ್ದರು. ಕಡೆಗೆ ಬೆಳ್ಯಪ್ಪ ಗೌಡರೇ ಠರಾವಿನ ಸ್ವರದಲ್ಲಿ ಹೇಳಿದರು, "ಆಯ್ತು. ಶೆಡ್ಡು ಅವನೇ ಇಟ್ಟುಕೊಳ್ಳಲಿ. ಆದ್ರೆ ಒಂದು ಕರಾರು ಉಂಟು. ಇನ್ನು ಮಾಡುವ ಮೆಷಿನಿನ ಕಣ್ಣು ಕೆಳಗೆ ಮಾತ್ರ ನೋಡ್ಬೇಕು. ಅಡಿಕೆ ನೋಡುವ ಮೆಷಿನ್ ಅಡಿಕೆ ನೋಡಲಿ. ಮನುಷ್ಯರನ್ನು ನೋಡುದು ಬೇಡ."

"ಆಯ್ತು ಅಪ್ಪ. ಒಂದು ತಗಡು ಅಡ್ಡ ಹಾಕ್ತೇನೆ."

"ಎರಡು ಹಾಕು" ಎಂದರು ಬೆಳ್ಯಪ್ಪ ಗೌಡರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿಕೊಂಡು ರೋಲರಿನ ಒಂದು ತುದಿಗೆ ಕೈ ಹಾಕಿ, "ಹಿಡಿ ಕುಕ್ಕಪ್ಪ, ನೋಡ್ತಾ ನಿಂತದ್ದು ಎಂತ?" ಎಂದರು.